ಗುರುವಾರದ ಒಪ್ಪೊತ್ತು

ಮುತ್ತುಗದ ಎಲೆಯ ಮೇಲೆ ಬಿಸಿ ಅನ್ನ ಬಿದ್ದಾಗ ಒಂದು ವಾಸನೆ ಏಳುತ್ತದೆ. ಒಣಗಿದ ಎಲೆ ಹಬೆಗೆ ಮೆತ್ತಗಾಗಿ, ಒಳಗಿನ ಒಗರನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುವ ವಾಸನೆ. ಹೋದ ತಿಂಗಳು ಮಲೆಬೆನ್ನೂರಿನಲ್ಲಿ ಪರಿಚಿತರೊಬ್ಬರ ಗೃಹಪ್ರವೇಶದ ಊಟಕ್ಕೆ ಕುಳಿತಿದ್ದೆ. ಮನೆಯ ಯಜಮಾನರು ಪ್ಲಾಸ್ಟಿಕ್ ಹಾಳೆ ಬೇಡವೆಂದು ಎಲ್ಲಿಂದಲೋ ಕಡ್ಡಿ ಚುಚ್ಚಿ ಹಚ್ಚಿದ ಮುತ್ತುಗದ ಎಲೆಗಳನ್ನು ತರಿಸಿದ್ದರು. ಅನ್ನ ಬಿತ್ತು, ಹಬೆ ಎದ್ದಿತು. ಎರಡನೆಯ ಸಲ ಬಡಿಸಲು ಬಂದ ಹೆಣ್ಣುಮಗಳ ಸೌಟಿನ ಕೆಳಗೆ ನನ್ನ ಕೈ ತಾನಾಗಿಯೇ ಎಲೆಗೆ ಅಡ್ಡ ಹೋಯಿತು. ಹಾಗೆ ಅಡ್ಡ ಹೋದ ಇನ್ನೊಂದು ಕೈ ನೆನಪಾಯಿತು... ಅರವತ್ತು ವರ್ಷಗಳ ಹಿಂದಿನದು. ಉಗುರಿನ ಸಂದಿಯಲ್ಲಿ ಸೀಮೆಸುಣ್ಣ ಕಟ್ಟಿದ್ದ, ಸಣಕಲು ಬೆರಳುಗಳ ಕೈ.

ಅದು ನಮ್ಮ ಮೇಷ್ಟ್ರ ಕೈ.

ಅವರ ಶಾಲೆ ದಾವಣಗೆರೆಯಲ್ಲಿ ಅರಳೆ ವ್ಯಾಪಾರಿಯೊಬ್ಬರ ಗೋದಾಮಿನ ಅಟ್ಟದ ಮೇಲಿತ್ತು. ಸರ್ಕಾರದ್ದಲ್ಲ, ಮಠದ್ದೂ ಅಲ್ಲ. ಮಿಡ್ಲ್ ಸ್ಕೂಲಿನ ಪಬ್ಲಿಕ್ ಪರೀಕ್ಷೆಯಲ್ಲಿ ನಪಾಸಾದ ಹುಡುಗರನ್ನು ಒಂದು ವರ್ಷ ಕೂರಿಸಿಕೊಂಡು ಮತ್ತೆ ಪರೀಕ್ಷೆಗೆ ಕಳಿಸುವುದಷ್ಟೇ ಅದರ ಕೆಲಸ. ಮೇಷ್ಟ್ರು ಒಬ್ಬರೇ. ಬೆಳಗಿನ ರೈಲಿಗೆ ಹರಿಹರದಿಂದ ಬಂದು ಸಂಜೆಯ ರೈಲಿಗೆ ಹೊರಡುತ್ತಿದ್ದರು. ಕೆಳಗೆ ಹಮಾಲರು ಅರಳೆ ಮೂಟೆ ಎಳೆದಾಡಿದಾಗಲೆಲ್ಲ ಹಲಗೆಗಳ ಸಂದಿಯಿಂದ ನವಿರಾದ ಎಳೆಗಳು ಮೇಲೆದ್ದು ನಮ್ಮ ತಲೆಯ ಮೇಲೆ ಕೂರುತ್ತಿದ್ದವು. ಸಂಜೆ ಮೆಟ್ಟಿಲಿಳಿದು ಬರುವಾಗ ನಾವೆಲ್ಲ ನರೆಗೂದಲಿನವರು. ಓಣಿಯವರು ಅದಕ್ಕೆ ಮುದುಕರ ಸಾಲಿ ಎಂದು ಹೆಸರಿಟ್ಟಿದ್ದರು. ಮಂಡಕ್ಕಿ ಭಟ್ಟಿಯ ಮುಂದೆ ಬೀಡಿ ಸೇದುತ್ತ ಕುಳಿತವರು, ‘ಏನಜ್ಜಾರೆ, ಈ ಸಲನಾದ್ರೂ ಪಾಸಾಗ್ತೀರೋ ಹೆಂಗೆ?’ ಎಂದು ಕೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ತಲೆ ಕೊಡವಿಕೊಂಡಿರುತ್ತಿದ್ದೆ.

ಫೀ ಕೊಡಲಾಗುವವರು ಫೀ ಕೊಡುತ್ತಿದ್ದರು. ಆಗದವರ ಮನೆಯಲ್ಲಿ ಮೇಷ್ಟ್ರು ವಾರಕ್ಕೊಂದು ದಿನ ಮಧ್ಯಾಹ್ನದ ಊಟ ಮಾಡುತ್ತಿದ್ದರು. ಆ ಊಟವೇ ಫೀ. ಬಡ ಹುಡುಗರು ಊರವರ ಮನೆಗಳಲ್ಲಿ ವಾರಾನ್ನ ಉಂಡು ಓದುವುದು ಆಗ ಎಲ್ಲ ಕಡೆಯೂ ಇತ್ತು. ನಮ್ಮಲ್ಲಿ ಅದು ತಿರುವುಮುರುವಾಗಿತ್ತು. ಉಣ್ಣುವವರು ಮೇಷ್ಟ್ರು, ಇಕ್ಕುವವರು ನಾವು. ಅವರು ಯಾರ ಮನೆಯ ಜಾತಿಯನ್ನೂ ಕೇಳಲಿಲ್ಲ. ಆ ಕಾಲಕ್ಕೆ ಅದು ಸಣ್ಣ ಸಂಗತಿಯಲ್ಲ. ನಮ್ಮ ಮನೆಗೆ ಗುರುವಾರ ಬಂದಿತ್ತು. ಅವ್ವ ಬಾವಿಕಟ್ಟೆಯಲ್ಲಿ ಮಾತಿಗೆ ನಿಂತಾಗ, ಬಂಧುಗಳ ಹೆಸರು ಹೇಳಿದ ಹಾಗೆ, ಗುರುವಾರ ನಮ್ಮದು ಎನ್ನುತ್ತಿದ್ದಳು.

ಅಪ್ಪ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಆ ವರ್ಷ ದೀಪಾವಳಿಯ ಹೊತ್ತಿಗೆ ಅವನ ಕೆಮ್ಮು ಹೆಚ್ಚಾಯಿತು. ಪಾಳಿಗೆ ಹೋಗಲಾಗದೆ ಮನೆಯಲ್ಲಿ ಗೋಡೆಗೊರಗಿ ಕುಳಿತ. ಆಮೇಲೆ ಮನೆ ನಡೆದದ್ದು ಅವ್ವ ಹಚ್ಚುತ್ತಿದ್ದ ಎಲೆಗಳಿಂದ. ಸಂತೆಯ ದಿನ ಹಳ್ಳಿಗಳಿಂದ ಬರುತ್ತಿದ್ದ ಮುತ್ತುಗದ ಎಲೆಯ ಕಟ್ಟುಗಳನ್ನು ಕೊಂಡು, ಬಿದಿರಿನ ಸಣ್ಣ ಕಡ್ಡಿ ಚುಚ್ಚಿ, ಊಟದೆಲೆ ಮಾಡಿ, ರೈಲ್ವೆ ಗೇಟಿನ ಕಡೆಯ ಒಂದು ಖಾನಾವಳಿಗೆ ಕೊಡುತ್ತಿದ್ದಳು. ನಾವು ಜೋಳದ ನುಚ್ಚು ಉಣ್ಣುತ್ತಿದ್ದೆವು. ಅನ್ನ ಗುರುವಾರ ಮಾತ್ರ, ಅದೂ ಮೇಷ್ಟ್ರಿಗೆ. ಅವರು ಉಂಡ ಮೇಲೆ ತಪ್ಪಲೆಯಲ್ಲಿ ಉಳಿದದ್ದು ನನಗೂ ನನ್ನ ತಂಗಿಗೂ. ಆಕೆ ಇನ್ನೂ ಶಾಲೆಗೆ ಸೇರದ ಕೂಸು. ಗುರುವಾರ ಎಂದರೆ ಆಕೆಗೆ ಅನ್ನ ಎಂದೇ ಅರ್ಥ.

ಮೇಷ್ಟ್ರಿಗೆಂದು ಅವ್ವ ತೂತಿಲ್ಲದ, ಅಂಚು ಹರಿಯದ ಎಲೆಗಳನ್ನು ಮೊದಲೇ ಆರಿಸಿ ಇಡುತ್ತಿದ್ದಳು. ಅವರು ತಲೆ ತಗ್ಗಿಸಿ, ಅವಸರವಿಲ್ಲದೆ ಉಣ್ಣುತ್ತಿದ್ದರು. ಎರಡನೆಯ ಸಲ ಬಡಿಸಿಕೊಳ್ಳುವುದು ಉಣ್ಣುವವರ ಮರ್ಯಾದೆ, ಬಡಿಸುವುದು ಮನೆಯವರ ಮರ್ಯಾದೆ. ಒಂದು ಗುರುವಾರ ಅವ್ವ ಎರಡನೆಯ ಸೌಟು ಹಿಡಿದು ಬಂದಾಗ ಬಾಗಿಲ ಮರೆಯಲ್ಲಿದ್ದ ತಂಗಿ ಮುಂದೆ ಬಂದಳು.

‘ಅವ್ವಾ, ಎಲ್ಲಾ ಅವ್ರಿಗೇ ಹಾಕಬ್ಯಾಡ’ ಎಂದಳು.

ಗಟ್ಟಿಯಾಗಿ ಹೇಳಿದ್ದಲ್ಲ. ಅತ್ತದ್ದೂ ಅಲ್ಲ. ಬಾಗಿಲು ಮುಚ್ಚು ಎಂದ ಹಾಗೆ ಹೇಳಿದಳು. ಆಗ ಮೇಷ್ಟ್ರ ಕೈ ಎಲೆಗೆ ಅಡ್ಡ ಹೋಯಿತು. ಅವ್ವ ತಂಗಿಯ ತೋಳು ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದಳು. ನೀರಿನ ಚೊಂಬು ಹಿಡಿದು ನಿಂತಿದ್ದ ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಮೇಷ್ಟ್ರಿಗೂ ತಿಳಿಯಲಿಲ್ಲವೆಂದು ಕಾಣುತ್ತದೆ. ಇಬ್ಬರೂ ಎಲೆಯನ್ನೇ ನೋಡಿದೆವು.

ಮುಂದಿನ ಬುಧವಾರ ಲೆಕ್ಕದ ಪಾಠ ಮುಗಿಸಿದ ಮೇಲೆ ಮೇಷ್ಟ್ರು ತರಗತಿಗೆ ಒಂದು ಮಾತು ಹೇಳಿದರು. ನಾನು ಗುರುವಾರದ ಒಪ್ಪೊತ್ತು ಹಿಡಿದಿದ್ದೇನೆ, ಇನ್ನು ಮೇಲೆ ಆ ದಿನ ಮಧ್ಯಾಹ್ನದ ಊಟವಿಲ್ಲ, ರಾತ್ರಿ ಮಾತ್ರ ಎಂದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಮನೆಯಲ್ಲಿ ಹೇಳಿದಾಗ ಅಪ್ಪ ಸಮಾಧಾನದ ಉಸಿರು ಬಿಟ್ಟ. ಅವ್ವನ ಮುಖ ಸಣ್ಣದಾಯಿತು. ಊಟವಿಲ್ಲದಿದ್ದರೆ ಫೀ ಇಲ್ಲ, ಫೀ ಇಲ್ಲದಿದ್ದರೆ ಮಗ ಧರ್ಮಕ್ಕೆ ಓದುತ್ತಾನೆ. ಆಕೆ ನನ್ನ ಕೈಯಲ್ಲಿ ಹಾಲು ಬಾಳೆಹಣ್ಣು ಕಳಿಸಿದಳು. ಒಪ್ಪೊತ್ತಿನವರು ಅದನ್ನು ತಿನ್ನಬಹುದಿತ್ತು. ಮೇಷ್ಟ್ರು ತಮ್ಮದು ಕಟ್ಟುನಿಟ್ಟಿನದು ಎಂದು ವಾಪಸು ಕಳಿಸಿದರು. ದಾರಿಯಲ್ಲಿ ಹುಡುಗರು, ನಿಮ್ಮನಿ ಊಟ ಅಂದ್ರೆ ದೇವ್ರಿಗೇ ಉಪವಾಸ ಕಣೋ ಎಂದು ಹಂಗಿಸಿದರು. ಬಾಳೆಹಣ್ಣನ್ನು ತಂಗಿ ತಿಂದಳು.

ಅಲ್ಲಿಗೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಒಂದು ಗುರುವಾರ ಮಧ್ಯಾಹ್ನ ಮೇಷ್ಟ್ರು ಮಂಡಕ್ಕಿ ಭಟ್ಟಿಯ ಹಿಂದೆ, ಹೊಟ್ಟಿನ ರಾಶಿಯ ಪಕ್ಕ ನಿಂತು, ಕಾಗದದಲ್ಲಿ ಮಂಡಕ್ಕಿ ಹಾಕಿಸಿಕೊಂಡು ತಿನ್ನುತ್ತಿದ್ದುದನ್ನು ಭಟ್ಟಿಯ ಹೆಂಗಸು ಕಂಡಳು. ನಮ್ಮ ಎದುರು ಮನೆಯವಳು, ಕೆಟ್ಟವಳಲ್ಲ. ಕಂಡದ್ದನ್ನು ಬಾವಿಕಟ್ಟೆಯಲ್ಲಿ ಹೇಳಿದಳು, ಅಷ್ಟೇ. ಉಳಿದದ್ದನ್ನು ಓಣಿ ತಾನೇ ಜೋಡಿಸಿಕೊಂಡಿತು. ಮೇಷ್ಟ್ರಿಗೆ ಉಪವಾಸವಿಲ್ಲ. ಜಾತಿಯೂ ಅಡ್ಡವಿಲ್ಲ, ಇಷ್ಟು ದಿನ ಉಂಡಿದ್ದಾರೆ. ಅಂದ ಮೇಲೆ ಓದಿದವರು ಯಾಕೆ ಬಿಟ್ಟರು? ಆ ಮನೆಯಲ್ಲಿ ಕೆಮ್ಮು ಇದೆ. ಕ್ಷಯ ಎಂಬ ಮಾತನ್ನು ಯಾರು ಮೊದಲು ಆಡಿದರೆಂದು ಆಮೇಲೆ ಕೇಳಿದರೆ ಯಾರೂ ಆಡಿರಲಿಲ್ಲ. ಆದರೆ ಆ ವಾರವೇ ಖಾನಾವಳಿಯವರು, ಸದ್ಯಕ್ಕೆ ಎಲೆ ತರಬ್ಯಾಡಮ್ಮ ಎಂದು ಅವ್ವನನ್ನು ಬಾಗಿಲಿಂದಲೇ ಕಳಿಸಿದರು. ಜನ ಉಣ್ಣುವ ಎಲೆ. ಅವರನ್ನೂ ದೂರುವ ಹಾಗಿರಲಿಲ್ಲ.

ಅವ್ವ ಎಲೆಯ ಹೊರೆಯನ್ನು ತಂದು ಮೂಲೆಗೆ ಹಾಕಿದಳು. ನನ್ನನ್ನು ಶಾಲೆ ಬಿಡಿಸಿ ಭಟ್ಟಿಯ ಕೆಲಸಕ್ಕೆ ಹಚ್ಚುವ ಮಾತು ಅಪ್ಪನ ಬಾಯಲ್ಲಿ ಬಂತು.

ಮರುದಿನ ಪಾಠದ ನಡುವೆ ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ಆ ಅಟ್ಟಕ್ಕೆ ಹೆಂಗಸರು ಹತ್ತಿ ಬಂದದ್ದನ್ನು ನಾವು ಕಂಡಿರಲಿಲ್ಲ. ಅವ್ವ ಮೇಲಿನ ಮೆಟ್ಟಿಲಲ್ಲೇ ನಿಂತಳು. ಸೆರಗಿನ ಮೇಲೆ, ಹಣೆಯ ಕೂದಲ ಮೇಲೆ ಆಗಲೇ ಅರಳೆ ಕೂತಿತ್ತು. ಯಾರೋ ಒಬ್ಬ ಕಿಸಕ್ಕೆಂದ. ನಾನು ಅವಳನ್ನು ನೋಡದೆ ಹಲಗೆಯ ಸಂದಿಯನ್ನು ನೋಡುತ್ತ ಕುಳಿತೆ. ಯಾಕೆ ಬಂದಳೋ, ಇಳಿದು ಹೋದರೆ ಸಾಕು ಎನ್ನಿಸುತ್ತಿತ್ತು.

‘ಮೇಷ್ಟ್ರೇ, ಒಪ್ಪೊತ್ತು ಹಿಡೀರಿ, ಬ್ಯಾಡ ಅನ್ನಲ್ಲ. ಆದ್ರೆ ಬ್ಯಾರೆ ದಿನ ಹಿಡೀರಿ. ಗುರುವಾರ ನಮ್ಮದೈತೆ’ ಎಂದಳು.

ಮೇಷ್ಟ್ರು ಎದ್ದು ನಿಂತರು. ಅವರು ಏನು ತಾನೇ ಹೇಳಬಹುದಿತ್ತು? ನಿಮ್ಮ ಮಕ್ಕಳ ಅನ್ನ ನನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಹುಡುಗರೆಲ್ಲರ ಮುಂದೆ ಹೇಳಲಾಗುತ್ತಿರಲಿಲ್ಲ. ಅವ್ವ ದನಿ ತಗ್ಗಿಸಿದಳು. ಆದರೂ ಎಲ್ಲರಿಗೂ ಕೇಳಿಸಿತು.

‘ನೀವು ಬರೋದು ಬಿಟ್ಟಿದ್ದಕ್ಕೆ ಜನ ನಮ್ಮನಿಯವ್ರಿಗೆ ರೋಗ ಹಚ್ಚಿದಾರೆ. ಖಾನಾವಳಿಯವ್ರು ಎಲೆ ಮುಟ್ಟಲ್ಲ ಅಂತಾರೆ. ಉಣ್ಣಾಕೆ ನಿಮಗೇನು ಕಷ್ಟ ಐತೋ ಗೊತ್ತಿಲ್ಲ. ನಮಗೆ ನೀವು ಉಂಡ್ರೆ ಬದುಕು.’

ಮೇಷ್ಟ್ರು ಕೈಯಲ್ಲಿದ್ದ ಸೀಮೆಸುಣ್ಣವನ್ನು ಕೆಳಗಿಟ್ಟರು. ಅವರ ಕಿವಿಗಳು ಕೆಂಪಾಗಿದ್ದವು.

‘ಬರ್ತೀನಿ ತಾಯಿ’ ಎಂದರು.

ಮುಂದಿನ ಗುರುವಾರ ಬಂದವರು ಒಳಗೆ ಬರಲಿಲ್ಲ. ಒಳಗೆ ಸೆಕೆ, ಜಗಲಿಯ ಮೇಲೇ ಎಲೆ ಹಾಕಿ ಎಂದರು. ಅದು ಚಳಿಗಾಲ. ಬೀದಿಗೆ ಮುಖ ಮಾಡಿ ಕುಳಿತರು. ಅಪ್ಪನನ್ನು ಕರೆದು ಪಕ್ಕದಲ್ಲಿ, ಮೊಣಕಾಲು ತಗಲುವಷ್ಟು ಹತ್ತಿರ ಕೂರಿಸಿಕೊಂಡರು. ಅಪ್ಪ ತನ್ನ ಊಟವಾಯಿತು ಎಂದ. ಆಗಿರಲಿಲ್ಲ. ಕೆಮ್ಮು ಬಾರದಿರಲೆಂದು ಅವನು ಉಸಿರು ಬಿಗಿಹಿಡಿದು ಕುಳಿತಿದ್ದ. ಕಣ್ಣಲ್ಲಿ ನೀರು ಬಂದಿತ್ತು. ಮೇಷ್ಟ್ರು ಅಪ್ಪ ಕುಡಿಯುತ್ತಿದ್ದ ಲೋಟದಲ್ಲೇ ನೀರು ಕೇಳಿ ಇಸಿದುಕೊಂಡು ಕುಡಿದರು. ಎದುರಿಗೆ ಭಟ್ಟಿಯ ಹೆಂಗಸು ಮಂಡಕ್ಕಿ ಹುರಿಯುವ ಮರಳನ್ನು ಜರಡಿ ಹಿಡಿಯುವುದನ್ನು ಬಿಟ್ಟು ನೋಡುತ್ತಿದ್ದಳು. ತಂಗಿಯನ್ನು ಅವ್ವ ಹಿತ್ತಿಲಲ್ಲಿ ಕೂಡಿ ಹಾಕಿದ್ದಳು.

ಮೊದಲ ಸಲ ಬಡಿಸಿದ್ದು ಮುಗಿಯಿತು. ಮೇಷ್ಟ್ರು ತಲೆಯೆತ್ತಿ, ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿ, ಬೀದಿಗೆ ಕೇಳುವ ಹಾಗೆ ಹೇಳಿದರು:

‘ಇನ್ನೊಂದು ಸೌಟು ಅನ್ನ ತರ್ರಿ ತಾಯಿ. ಸಾರು ಚಲೋ ಆಗೈತೆ.’

ಅವ್ವ ಒಳಗೆ ಹೋದಳು. ತಪ್ಪಲೆಯ ತಳವನ್ನು ಸೌಟು ಕೆರೆದ ಸದ್ದು ಜಗಲಿಗೆ ಕೇಳಿಸಿತು. ನನಗೆ ಕೇಳಿಸಿದ್ದು ಅವರಿಗೂ ಕೇಳಿಸಿತು. ತುತ್ತು ಹಿಡಿದ ಕೈ ಎಲೆಯ ಮೇಲೆ ಒಂದು ಕ್ಷಣ ನಿಂತಿತು. ಅವ್ವ ಬಂದು ಬಡಿಸಿದಳು. ಈ ಸಲ ಕೈ ಅಡ್ಡ ಬರಲಿಲ್ಲ. ಅವರು ಒಂದು ಅಗುಳೂ ಬಿಡದೆ ಉಂಡರು.

ಆ ಹೊತ್ತು ನನಗೆ ಅವರ ಮೇಲೆ ಕೃತಜ್ಞತೆ ಹುಟ್ಟಿತೆಂದು ಬರೆದರೆ ಅದು ಈಗ ಕಟ್ಟಿದ ಮಾತಾಗುತ್ತದೆ. ನಾನು ಅವರ ಬಾಯಿಗೆ ಹೋಗುತ್ತಿದ್ದ ಪ್ರತಿ ತುತ್ತನ್ನೂ ನೋಡುತ್ತಿದ್ದೆ. ಅದು ನನ್ನ ತುತ್ತು ಎನ್ನಿಸುತ್ತಿತ್ತು. ತಂಗಿ ಬಾಯಿಬಿಟ್ಟು ಹೇಳಿದ್ದನ್ನು ನಾನು ಕಣ್ಣಲ್ಲಿ ಹೇಳುತ್ತಿದ್ದೆ. ಅವರು ಒಮ್ಮೆ ನನ್ನ ಕಡೆ ನೋಡಿ ನೋಟ ತಪ್ಪಿಸಿದರು... ಆಮೇಲೆ ಪರೀಕ್ಷೆಯವರೆಗೂ, ಗುರುವಾರಗಳಂದು ಮಾತ್ರ, ಅವರು ತರಗತಿಯಲ್ಲಿ ನನಗೆ ಪ್ರಶ್ನೆ ಕೇಳಲಿಲ್ಲ.

ಸಂಕ್ರಾಂತಿಗೆ ಮೊದಲೇ ಖಾನಾವಳಿಯವರು ಎಲೆಗೆ ಹೇಳಿ ಕಳಿಸಿದರು. ಮೇಷ್ಟ್ರು ಗುರುವಾರ ತಪ್ಪಿಸಲಿಲ್ಲ; ಜಗಲಿಯೂ ತಪ್ಪಲಿಲ್ಲ, ಎರಡನೆಯ ಸೌಟೂ ತಪ್ಪಲಿಲ್ಲ. ನಾನು ಪಾಸಾದೆ. ಬೇಸಿಗೆ ಕಳೆದ ಮೇಲೆ ಶಾಲೆ ತೆರೆಯಲಿಲ್ಲ. ಮೇಷ್ಟ್ರಿಗೆ ಹರಿಹರದಲ್ಲೇ ಒಂದು ಕಾರ್ಖಾನೆಯಲ್ಲಿ ಗುಮಾಸ್ತಿಕೆ ಸಿಕ್ಕಿತಂತೆ.

ಅವ್ವ ಹೊಸ ಎಲೆಗಳ ಒಂದು ಕಟ್ಟು ಮಾಡಿ, ಮೇಷ್ಟ್ರಿಗೆ ಕೊಟ್ಟು ಕಾಲಿಗೆ ಬಿದ್ದು ಬಾ ಎಂದು ನನ್ನನ್ನು ರೈಲು ಹತ್ತಿಸಿದಳು. ಹೊಳೆಯ ಕಡೆ ಇಳಿಯುವ ಒಂದು ಸಂದಿಯಲ್ಲಿ ಅವರ ಮನೆ. ಅವರು ಕೆಲಸಕ್ಕೆ ಹೋಗಿದ್ದರು. ಬಾಗಿಲು ತೆರೆದದ್ದು ಅವರ ತಾಯಿ. ಎಲೆಗಳನ್ನು ಕಂಡು ಹಿಗ್ಗಿದ ಆ ಅಜ್ಜಿ, ದಾವಣಗೆರೆಯಿಂದ ಬಂದ ಹುಡುಗನನ್ನು ಹಾಗೇ ಕಳಿಸಲಾರೆನೆಂದು, ಅದೇ ಕಟ್ಟಿನಿಂದ ಒಂದು ಎಲೆ ತೆಗೆದು ಹಾಕಿ ಅನ್ನ ಬಡಿಸಿದರು. ನಾನು ಉಣ್ಣುವುದನ್ನು ನೋಡುತ್ತ ಮಗನ ಮಾತು ತೆಗೆದರು.

‘ನಿಮ್ಮೂರಾಗೆ ಏನಾರ ಹರಕೆ ಹೊತ್ತಿದ್ನೇನಪ್ಪ ಅವ? ಗುರುವಾರ ಬಂತಂದ್ರೆ ರಾತ್ರಿ ಉಣ್ಣಲ್ಲ. ಮಧ್ಯಾಹ್ನ ಆಗೈತೆ, ಒಪ್ಪೊತ್ತು ಅಂತಾನೆ. ಯಾವ ದೇವ್ರಿಗೆ ಅಂತ ಕೇಳಿದ್ರೆ ಬಾಯಿ ಬಿಡಲ್ಲ. ಸಾಲಿ ಬಿಟ್ಟ ಮ್ಯಾಲಾದ್ರೂ ಬಿಡ್ತಾನೆ ಅಂದ್ಕೊಂಡಿದ್ದೆ. ಬಿಡಲಿಲ್ಲ.’

ನನಗೆ ಗೊತ್ತಿಲ್ಲ ಅಜ್ಜಿ ಎಂದೆ. ಎಲೆಯಲ್ಲಿದ್ದುದನ್ನು ಬಿಡುವ ಹಾಗಿರಲಿಲ್ಲ. ಉಂಡು, ಎಲೆ ಎತ್ತಿ, ಮೇಷ್ಟ್ರು ಬರುವ ಮೊದಲೇ ರೈಲಿಗೆ ಹೊರಟೆ.

ಅವ್ವನಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಗುರುವಾರ ಅವಳದಾಗಿ ಉಳಿಯುತ್ತಿರಲಿಲ್ಲ. ಮಗನ ಓದು ಯಾರ ಹಂಗಿನದ್ದೂ ಅಲ್ಲವೆಂದು ತಿಳಿದೇ ಆಕೆ ಹೋದಳು. ಅಪ್ಪನ ಕೆಮ್ಮು ಯಾವುದೆಂದು ಯಾವ ಡಾಕ್ಟರೂ ನಮಗೆ ಬಿಡಿಸಿ ಹೇಳಲಿಲ್ಲ. ಪತ್ರಿಕೆಯ ಕೆಲಸಕ್ಕೆ ಸೇರಿದ ಮೇಲೆ ಎಷ್ಟೋ ಸಲ ಹರಿಹರದಲ್ಲಿ ಇಳಿದಿದ್ದೇನೆ. ಯಾರ್ಯಾರನ್ನೋ ಹುಡುಕಿ ಮಾತಾಡಿಸಿದ್ದೇನೆ. ಆ ಸಂದಿಗೆ ಹೋಗುವ ಧೈರ್ಯ ಬಂದಾಗ ಮನೆಯಲ್ಲಿ ಬೇರೆಯವರಿದ್ದರು. ಮೇಷ್ಟ್ರು ತೀರಿಕೊಂಡು ಬಹಳ ವರ್ಷಗಳಾದವು ಎಂದರು. ಅವರಿಗೆ ಏನಾಗಿತ್ತು ಎಂದು ಕೇಳಿದೆ. ತಿಳಿಯದು ಎಂದರು. ಕಡೆಯವರೆಗೂ ಅವರ ಗುರುವಾರದ ರಾತ್ರಿಗಳು ಹೇಗಿದ್ದವೆಂದು ಕೇಳಲು ಅಲ್ಲಿ ಯಾರೂ ಉಳಿದಿರಲಿಲ್ಲ...

ಮಲೆಬೆನ್ನೂರಿನ ಆ ಹೆಣ್ಣುಮಗಳು ಸೌಟು ಹಿಡಿದು ನಿಂತೇ ಇದ್ದಳು.

‘ಯಾಕ್ರಿ, ಕೈ ಅಡ್ಡ ಹಿಡಿದ್ರಿ? ಬೇಕಾದಷ್ಟೈತೆ, ಸಂಕೋಚ ಬ್ಯಾಡ’ ಎಂದಳು.

ಅವಳ ಹಿಂದೆ ಬಾಗಿಲ ಬಳಿ ಮಕ್ಕಳು ಆಡುತ್ತಿದ್ದವು. ನಾನು ಅಡಿಗೆಮನೆಯ ಕಡೆ ಕಿವಿಯಿಟ್ಟು ಸ್ವಲ್ಪ ಹೊತ್ತು ಕುಳಿತೆ. ತಪ್ಪಲೆಯ ತಳ ಕೆರೆದ ಸದ್ದು ಬರಲಿಲ್ಲ. ಆಮೇಲೆ ಕೈ ತೆಗೆದೆ.