ರಾಗಿ ಪೈರಲ್ಲಿ ಮುಳುಗಿದ ಜೆಸಿಬಿ

ನಂಜನಗೂಡಿನಲ್ಲಿ ಸಣ್ಣ ಗಾಡಿ ನಿಂತುಹೋಗಿ, ದೊಡ್ಡ ಗಾಡಿ ಇನ್ನೂ ಬಾರದೆ ಇದ್ದ ಕಾಲ ಅದು. ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕುತ್ತಿದ್ದರು. ದೊಡ್ಡವರು ರೈಲಿಲ್ಲ ಅಂತ ಗೊಣಗುತ್ತಿದ್ದರೆ ನಮಗೇನು ಬೇಸರ? ರೈಲಿಗಿಂತ ಚೆಂದದ್ದು ಬಂದಿತ್ತಲ್ಲ, ಜೆಸಿಬಿ, ಟಿಪ್ಪರು, ರೋಲರು! ಸ್ಕೂಲು ಬಿಟ್ಟರೆ ಸಾಕು, ಡೀಸೆಲ್ ವಾಸನೆ ಹಿಡಿದು ಲೈನಿನ ಹತ್ತಿರ ಓಟ. ಎಲ್ಲರಿಗಿಂತ ಮುಂದೆ ನನ್ನ ಅಕ್ಕ ನಾಗರತ್ನ. ಜೆಸಿಬಿ ಮಣ್ಣು ಮೊಗೆಯುವಾಗ ಅವಳ ಬಾಯಿಯೂ ತಾನಾಗೇ ತೆರೆದುಕೊಳ್ಳುತ್ತಿತ್ತು.

ಅಂಥವಳು ದಸರೆ ಹತ್ತಿರ ಬಂದಾಗ ಸೀಬೆಮರದಿಂದ ಬಿದ್ದು ಕಾಲು ಮುರಿದುಕೊಂಡಳು. ತೊಡೆವರೆಗೆ ಸಿಮೆಂಟ್ ಪಟ್ಟಿ. ಹಬ್ಬ ಮುಗಿಯೋ ತನಕ ಕಾಲು ಊರುವ ಹಾಗಿಲ್ಲ ಅಂದರು ಡಾಕ್ಟರು. ಅದೇ ದಿನಗಳಲ್ಲಿ ಕ್ರೇನು ಬಂದು ಕಪಿಲಾ ಹೊಳೆಯ ರೈಲು ಸೇತುವೆಗೆ ಕಬ್ಬಿಣದ ತೊಲೆ ಇಡುತ್ತದೆ ಅಂತ ಊರೆಲ್ಲ ಸುದ್ದಿ. ಅಕ್ಕ ಗೋಡೆ ಕಡೆ ತಿರುಗಿ ಮಲಗಿದವಳು ಊಟಕ್ಕೂ ಏಳಲಿಲ್ಲ. ಅವಳು ಅಷ್ಟು ಅತ್ತಿದ್ದನ್ನು ನಾನು ನೋಡೇ ಇರಲಿಲ್ಲ.

"ಅಳ್ಬ್ಯಾಡ ಕಣವ್ವ," ಅಂದಳು ಅಜ್ಜಿ. "ಈ ಸಲ ಗೊಂಬೆ ಕೂರ್ಸೋದು ನಿಂದೇ ಯಜಮಾನಿಕೆ. ನಿಂಗ್ ತೋಚಿದ್ದ ಮಾಡ್ಕೊ."

ಅಕ್ಕ ಮೂಗೊರೆಸಿಕೊಂಡು ಎದ್ದು ಕೂತಳು. "ಅಂಗಾದ್ರೆ ನಾನು ಲೈನ್ ಮಾಡ್ತೀನಿ. ಅಲ್ಲಿ ಓಗಕ್ಕಾಗ್ದಿದ್ರೆ ಇಲ್ಲೇ ಕೆಲ್ಸ ನಡೀಲಿ."

ಅವಳ ಮಂಚದ ಪಕ್ಕದಲ್ಲೇ ಗೊಂಬೆ ಕೂರಿಸಿದ್ದಾಯಿತು. ಪಟ್ಟದ ಗೊಂಬೆಗಳ ಕೆಳಗೆ ಅಗಲವಾದ ತಗಡಿನ ತಟ್ಟೆ, ಅದರ ತುಂಬ ಮಣ್ಣು. ಕಡ್ಡಿಪೊರಕೆಯ ಕಡ್ಡಿ ಹಳಿಯಾಯಿತು, ಬೆಂಕಿಕಡ್ಡಿ ಸ್ಲೀಪರ್ ಆಯಿತು, ಬೆಂಕಿಪೊಟ್ಟಣಗಳು ಬೋಗಿಗಳಾದವು, ಸೋಪಿನ ಡಬ್ಬಿ ಸ್ಟೇಷನ್ ಆಯಿತು. ಎಲ್ಲಾ ಸರಿ, ಯಂತ್ರ ಎಲ್ಲಿಂದ ತರೋದು? ಬಜಾರಿನಲ್ಲಿ ಒಳ್ಳೆಯ ಹಳದಿ ಜೆಸಿಬಿ ಸಿಕ್ಕಿತು ಅಂತ ಕುಣಿದುಕೊಂಡು ತಂದೆ. ಅಕ್ಕ ಅದನ್ನು ಹಳಿ ಪಕ್ಕ ಇಟ್ಟು ನೋಡಿದಳು.

"ಲೇ, ಇದು ಸ್ಟೇಷನ್ನೇ ನುಂಗಾಕ್ಬುಡ್ತದೆ ಕಣ್ಲಾ. ವಾಪಸ್ ಕೊಟ್ಬುಟ್ ಬಾ."

"ಇರ್ಲಿ ಬಿಡಕ್ಕ, ಯಾರ್ ನೋಡ್ತಾರೆ?"

"ನಾನ್ ನೋಡ್ತೀನಲ್ಲ."

ಎಂಥಾ ಹಟಮಾರಿ ಅಂತೀರಿ! ನಂಜನಗೂಡಿನ ಅಂಗಡಿಗಳೆಲ್ಲ ಸುತ್ತಿದೆ. ಒಂದು ಜೆಸಿಬಿ ಬೆಕ್ಕಿನಷ್ಟು, ಇನ್ನೊಂದು ಇಲಿಯಷ್ಟು. ನಮಗೆ ಬೇಕಾದ್ದು ಜಿರಳೆಯಷ್ಟು. ಸರಸ್ವತಿ ಪೂಜೆ ಸಂಜೆ ಬೀದಿಯ ಮಕ್ಕಳೆಲ್ಲ ಗೊಂಬೆ ನೋಡಲು ಬರುವವರಿದ್ದರು. ಅಷ್ಟರೊಳಗೆ ಕೆಲಸ ನಡೆಯದ ಲೈನು ಲೈನೇ ಅಲ್ಲ ಅಂತ ಅಕ್ಕ ಮತ್ತೆ ಮಂಕಾದಳು.

ಪೂಜೆಯ ಹಿಂದಿನ ದಿನ ಅಪ್ಪ ಯಾವುದೋ ಕೆಲಸಕ್ಕೆ ತಿ. ನರಸೀಪುರಕ್ಕೆ ಹೊರಟರು. ನಾನೂ ಅಂಟಿಕೊಂಡೆ. ಬಸ್ ಸ್ಟಾಂಡಿನ ಅಂಗಡಿಯಲ್ಲಿ ಕುರುಕಲು ತಿಂಡಿಯ ಪ್ಯಾಕೆಟ್‌ಗಳು ಮಾಲೆ ಮಾಲೆಯಾಗಿ ತೂಗುತ್ತಿದ್ದವು. ಒಂದೊಂದರಲ್ಲೂ ಒಂದು ಪುಟ್ಟ ಪ್ಲಾಸ್ಟಿಕ್ ಆಟಿಕೆ ಇರುತ್ತಿತ್ತು, ನಿಮಗೂ ನೆನಪಿರಬೇಕು. ನಾನು ಬೆರಳಲ್ಲಿ ಅಮುಕಿ ಅಮುಕಿ ಚಕ್ರ ಇದೆಯಾ ಅಂತ ಹುಡುಕತೊಡಗಿದೆ.

"ಲೇಯ್, ಪುಡಿಪುಡಿ ಆಯ್ತದೆ, ಬುಡ್ಲಾ!" ಅಂತ ಅಂಗಡಿಯವನು ಗದರಿದ.

ಅಪ್ಪ ನಗುತ್ತಾ ಅಕ್ಕನ ಕಾಲಿನ ಕತೆ, ಲೈನಿನ ಕತೆ ಎಲ್ಲ ಹೇಳಿದರು. ನಾನು ಅಮುಕಿದ ಪ್ಯಾಕೆಟ್ಟು ಒಡೆದರೆ ನಿಜಕ್ಕೂ ಟಿಪ್ಪರು, ಜಿರಳೆಯಷ್ಟೇ ಪುಟಾಣಿ! ಅದನ್ನೇ ನೋಡುತ್ತಿದ್ದ ಅಂಗಡಿಯವನು ತನ್ನ ಗಲ್ಲಾದ ಕೀಗೊಂಚಲು ಬಿಚ್ಚಿದ. ಅದರಲ್ಲಿ ಹಳದಿ ಬಣ್ಣದ ಜೆಸಿಬಿ, ಬಕೆಟ್ಟೂ ಅಲ್ಲಾಡುತ್ತಿತ್ತು.

"ನಮ್ ಬಾಮೈದ ಕೊಟ್ಟಿದ್ದು, ಅವ್ನು ಜೆಸಿಬಿ ಡ್ರೈವರ್ರು. ತಗೊಂಡೋಗು, ಆ ಮಗೀಗ್ ಕೊಡು."

ಬಸ್ಸಿನುದ್ದಕ್ಕೂ ಮುಷ್ಟಿ ಬಿಚ್ಚಲಿಲ್ಲ ನಾನು. ಅಂಗಡಿ ಸುತ್ತುವ ಗಡಿಬಿಡಿಯಲ್ಲಿ ಎರಡು ದಿನದಿಂದ ತಟ್ಟೆ ಕಡೆ ಕಣ್ಣೇ ಹಾಯಿಸಿರಲಿಲ್ಲ, ಮನೆಗೆ ಬಂದು ನೋಡಿದರೆ ಲೈನೇ ಕಾಣೆ!

ಗೊಂಬೆ ತಟ್ಟೆಯಲ್ಲಿ ರಾಗಿ ಚೆಲ್ಲಿ ಹಸಿರು ಬರಿಸುವುದು ನಮ್ಮ ಕಡೆ ರೂಢಿ. ನಾಲ್ಕು ಎಸಳು ಬಂದರೆ ಗದ್ದೆಯ ಹಾಗೆ ಕಾಣುತ್ತದೆ. ಅಜ್ಜಿಯದು ಬೇಸಾಯದ ಕೈ, ಸುಮ್ಮನಿರುತ್ತದೆಯೇ? ರಾಗಿ ಚೆಲ್ಲುವಾಗಲೇ ಗೊಬ್ಬರವನ್ನೂ ಹಾಕಿಬಿಟ್ಟಿದ್ದಳು. ಪೈರು ಸೊಕ್ಕಿ ಬೆಳೆದು ಹಳಿ, ಸ್ಟೇಷನ್ನು, ಬೋಗಿ ಎಲ್ಲದರ ಮೇಲೂ ಕವಿದುಕೊಂಡಿತ್ತು. ನಾನು ಇಟ್ಟ ಜೆಸಿಬಿ ಅದರೊಳಗೆ ಮುಳುಗೇಹೋಯಿತು.

"ಒಸಿ ಗೊಬ್ರ ಆಕಿದ್ದೆ ಕಣವ್ವ," ಅಜ್ಜಿಯ ಮುಖ ಸಪ್ಪಗಾಯಿತು. ನನಗೆ ಅಳುವೇ ಬಂತು.

ಅಕ್ಕ ಬಗ್ಗಿ ಎರಡು ಬೆರಳಲ್ಲಿ ಪೈರು ಸರಿಸಿ ಜೆಸಿಬಿ ಹುಡುಕಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಅಯ್ಯೋ ಪೆದ್ದ! ಲೈನ್ ಎಳೆಯಕ್ ಮುಂಚೆ ಏನ್ ಮಾಡ್ತಾರ್ಲಾ? ಗಿಡಗಂಟಿ ತೆಗೀತಾರೆ. ಕೆಲ್ಸ ಈಗ ಸುರುವಾಗ್ತಾ ಐತೆ. ಕತ್ರಿ ಕೊಡು!"

ಮಾರನೆಯ ಸಂಜೆ ಬೀದಿಯ ಮಕ್ಕಳು ಬಂದಾಗ ಅವಳು ಮಂಚದಿಂದಲೇ ಮೇಸ್ತ್ರಿಯಾದಳು. ಕತ್ತರಿ ಮುಂದೆ, ಜೆಸಿಬಿ ಹಿಂದೆ, ಹುಲ್ಲು ಹೊತ್ತ ಟಿಪ್ಪರು ಅದರ ಹಿಂದೆ. "ರಿವರ್ಸ್! ರೈಟ್ ರೈಟ್! ಸೈಡ್ ಬುಡ್ರೋ!" ಜೆಸಿಬಿ ಓಡಿಸುವ ಸರದಿಯಲ್ಲಿ ಅಜ್ಜಿಯೂ ಕೂತಳು. ಅಷ್ಟರಲ್ಲಿ ಎದುರುಮನೆ ಹುಡುಗ ಏದುಸಿರು ಬಿಡುತ್ತಾ ಓಡಿಬಂದ. "ಒಳೆ ತಾವ ಕ್ರೇನು ತೊಲೆ ಎತ್ತೈತೆ, ಬನ್ರೋ!"

ನಾವೆಲ್ಲ ಅಕ್ಕನ ಮುಖ ನೋಡಿದೆವು. ಅವಳು ತಲೆ ಎತ್ತಲೇ ಇಲ್ಲ. "ಎತ್ಕೊಳ್ಳಿ ಬುಡು. ನಮ್ದಿನ್ನೂ ಸ್ಟೇಷನ್ ತಾವ ಬಂದಿಲ್ಲ," ಅಂದಳು. ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ಅಂಥ ಅಕ್ಕ ನನಗಿದ್ದಾಳಲ್ಲ ಅಂತ ಎದೆ ಉಬ್ಬಿತು.

ಈಗ ನಮ್ಮಲ್ಲಿ ಗೊಂಬೆ ಕೂರಿಸುವವರಿಲ್ಲ. ಅಜ್ಜಿಯೂ ಇಲ್ಲ. ಹೋದ ದಸರೆಗೆ ಮಗಳಿಗೆ ಅಂತ ಫೋನಿನಲ್ಲೇ ಹುಡುಕಿ ಒಂದು ರೈಲಿನ ಸೆಟ್ಟು ತರಿಸಿದೆ. ಹಳಿ, ಸಿಗ್ನಲ್, ಕ್ರೇನು, ಜೆಸಿಬಿ, ಕೂದಲೆಳೆಯಷ್ಟೂ ಅಳತೆ ತಪ್ಪಿರಲಿಲ್ಲ. ಊಟದ ಹೊತ್ತಿಗೆ ಜೋಡಿಸಿ ಮುಗಿಸಿದ್ದೆವು. ಹಬ್ಬಕ್ಕೆ ಬಂದ ಅಕ್ಕ ಅದರ ಮುಂದೆ ಕೂತು, ಜೆಸಿಬಿಯನ್ನು ಎತ್ತಿ ಹಳಿ ಪಕ್ಕ ಇಟ್ಟು ನೋಡಿದಳು. ಏನಾದರೂ ತಪ್ಪು ಹಿಡಿಯಲಿ ಅಂತ ನಾನು ಆಸೆಯಿಂದ ಕಾಯುತ್ತಿದ್ದೆ.

"ಎಲ್ಲಾ ಸರಿಯಾಗೈತೆ ಕಣ್ಲಾ," ಅಂದಳು ಅಕ್ಕ. "ಇನ್ ನಾವ್ ಮಾಡಕ್ಕೆ ಏನೈತೆ ಇದ್ರಲ್ಲಿ?"