ಏಳು ಐವತ್ತೆಂಟಕ್ಕೆ ಹಾಕಿದ ಬೀಗ

ನಾನು ಟೆಲಿಫೋನ್ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಸೂಪರ್‌ವೈಸರ್ ಆಗಿದ್ದವಳು. ಯಾವ ಲೈನು ಎಷ್ಟು ಗಂಟೆಗೆ ಸಿಕ್ಕಿತು, ಎಷ್ಟಕ್ಕೆ ಕಡಿಯಿತು ಎಂದು ಬರೆದಿಡದೆ ಒಂದು ದಿನವೂ ಕುರ್ಚಿ ಬಿಟ್ಟು ಎದ್ದವಳಲ್ಲ. ನಿವೃತ್ತಿಯ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಹೋಗದಿದ್ದದ್ದೇ ಒಳ್ಳೆಯದಾಯಿತು.

ದಿಲ್ಲಿಯ ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿದ್ದ ನನ್ನ ತಂಗಿ ಮನೆಯಲ್ಲೇ ಕೂತು ಒಂದು ಕಚೇರಿಗೆ ಕನ್ನಡ ಅನುವಾದ ಮಾಡಿಕೊಡುತ್ತಿದ್ದಳು. ಸಂಜೆ ಆರರೊಳಗೆ ಫೈಲು ಇಂಟರ್‌ನೆಟ್ಟಿನಲ್ಲಿ ಹೋಗಬೇಕು. ಎರಡು ಸಲ ತಡವಾಗಿತ್ತು. ಇನ್ನೊಮ್ಮೆ ಆದರೆ ಕೆಲಸ ಬೇರೆಯವರಿಗೆ ಎಂದು ಹೇಳಿಬಿಟ್ಟಿದ್ದರು. ನಾಲ್ಕೂವರೆ ಆಗುತ್ತಲೇ ನೆಟ್ ತೆವಳುತ್ತಿತ್ತು.

ಆಗ ಅವಳು ಮೇಲಿನ ಮನೆಯವನಿಗೆ ಫೋನ್ ಮಾಡುವಳು. ನಮ್ಮ ಕಡೆಯವನೇ, ಕಚೇರಿಯಿಂದ ನಾಲ್ಕಕ್ಕೇ ಜಾರಿಕೊಂಡು ಬರುವವನು. ವೈಫೈ ಮೋಡೆಮ್ ತಂದ ದಿನ ಜೋಡಿಸಿಕೊಟ್ಟವನೂ ಅವನೇ. "ಪಾಸ್‌ವರ್ಡ್ ಎಲ್ಲ ಯಾಕೆ ಆಂಟಿ, ಮರೆತುಬಿಡ್ತೀರಿ" ಅಂದಿದ್ದನಂತೆ. ಕೆಳಗಿಳಿದು ಬಂದು ಮೋಡೆಮ್ ಆರಿಸಿ ಹಚ್ಚುತ್ತಿದ್ದ. ನೆಟ್ ಓಡುತ್ತಿತ್ತು. "ಹೆಂಗಸರ ಕೈಗೆ ಕಂಪ್ಯೂಟರ್ ಸಿಕ್ಕರೆ ಹೀಗೇ ನೋಡಿ" ಎಂದು ನಗುತ್ತ ಕೋಡುಬಳೆ ತಿನ್ನುತ್ತಿದ್ದ. ಶನಿವಾರ ಬೇರೆ, ಅವನ ಮನೆಗೆ ಒಂದು ಡಬ್ಬಿ ತುಂಬ ಕಳಿಸುತ್ತಿದ್ದಳು ನನ್ನ ತಂಗಿ.

ನಾನು ಹೋಗಿದ್ದ ವಾರ ಸಂಜೆ ತಂಗಿಯ ಕಂಪ್ಯೂಟರ್ ಆರಿಸಿ ನೋಡಿದೆ. ಆದರೂ ಮೋಡೆಮಿನ ದೀಪ ಮಿಣುಕುತ್ತಲೇ ಇತ್ತು. ಮೂರು ದಿನ ಬರೆದುಕೊಂಡೆ: ನಾಲ್ಕೂ ಇಪ್ಪತ್ತಕ್ಕೆ ಶುರು, ರಾತ್ರಿ ಊಟದ ಹೊತ್ತಿನವರೆಗೆ. ಇವಳು ಫೋನ್ ಮಾಡಿದ ಕೂಡಲೇ, ಅವನು ಮೆಟ್ಟಿಲಿಳಿಯುವ ಮುಂಚೆಯೇ, ದೀಪ ತಣ್ಣಗಾಗುತ್ತಿತ್ತು. ಮೋಡೆಮಿನ ಪುಸ್ತಿಕೆ ಎರಡು ಸಲ ಓದಿ ಅದರ ಸೆಟ್ಟಿಂಗ್ ಪುಟ ತೆರೆದೆ. ನಮ್ಮ ಲೈನಿನಲ್ಲಿ ಎರಡು ಕಂಪ್ಯೂಟರ್. ನಮ್ಮ ಮನೆಯಲ್ಲಿದ್ದದ್ದು ಒಂದು.

"ಅಕ್ಕಾ, ಈಗಲೇ ಪಾಸ್‌ವರ್ಡ್ ಹಾಕಿಬಿಡೋಣ," ಎಂದಳು ತಂಗಿ.

"ಇವತ್ತು ಬೇಡ. ಶುಕ್ರವಾರದವರೆಗೆ ನಿನ್ನ ಫೈಲು ಮೂರು ಗಂಟೆಗೇ ಕಳಿಸು," ಎಂದೆ.

ಶನಿವಾರ ಬೆಳಗ್ಗೆ ತನ್ನ ಸಾಹೇಬರ ಕುಟುಂಬಕ್ಕೆಲ್ಲ ತತ್ಕಾಲ್ ರೈಲು ಟಿಕೆಟ್ ನೆಟ್ಟಿನಲ್ಲೇ ಬುಕ್ ಮಾಡಿಕೊಡುತ್ತೇನೆಂದು ಅವನು ಕೋಡುಬಳೆ ಕಡಿಯುತ್ತ ಜಂಬ ಕೊಚ್ಚಿದ್ದ. ಆಗೆಲ್ಲ ತತ್ಕಾಲ್ ತೆರೆಯುತ್ತಿದ್ದದ್ದು ಎಂಟಕ್ಕೆ, ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. ನನ್ನ ಸ್ನಾನ, ಪೂಜೆ, ಕಾಫಿ ಏಳೂವರೆಗೆ ಮುಗಿದಿತ್ತು. ಏಳು ಐವತ್ತೆಂಟಕ್ಕೆ ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ, "ಪಾಸ್‌ವರ್ಡ್ ನೀನೇ ಹಾಕು. ನನಗೂ ಹೇಳಬೇಡ, ಕ್ಯಾಲೆಂಡರಿನ ಮೇಲೂ ಬರೆಯಬೇಡ," ಎಂದೆ. ಮೋಡೆಮಿನ ಸೆಟ್ಟಿಂಗ್ ಪುಟದ ಪಾಸ್‌ವರ್ಡನ್ನೂ ಅವಳ ಕೈಲೇ ಬದಲು ಮಾಡಿಸಿದೆ. ಬೆಳಗ್ಗೆಯಿಂದ ಮಿಣುಕುತ್ತಿದ್ದ ದೀಪ ನಿಂತಿತು.

ಎಂಟು ಗಂಟೆ ಮೂರು ನಿಮಿಷಕ್ಕೆ ಬನಿಯನ್ನಿನಲ್ಲೇ ಬಂದು ಬಾಗಿಲು ಬಡಿದ.

"ಆಂಟಿ, ನಿಮ್ಮ ನೆಟ್ ಬರ್ತಾ ಇದೆಯಾ?"

"ಚೆನ್ನಾಗಿ ಬರ್ತಿದೆಯಪ್ಪ. ನಿಮ್ಮದು?" ಎಂದೆ ನಾನು.

"ನನ್ನದು... ಅರೆ, ಹೋಗಿಬಿಟ್ಟಿದೆ. ಸಾಹೇಬರು ಫೋನ್ ಮೇಲೆ ಫೋನ್ ಮಾಡ್ತಿದಾರೆ. ಎರಡು ನಿಮಿಷ ನಿಮ್ಮ ಕಂಪ್ಯೂಟರ್..."

ನನ್ನ ತಂಗಿ ಮೃದು ಸ್ವಭಾವದವಳು. ದಾರಿ ಬಿಟ್ಟಾಳು ಎಂದು ನಾನು ಹೆದರಿದ್ದೆ. ಅವಳು ಬಾಗಿಲಿಗೆ ಅಡ್ಡ ನಿಂತು ನಿಧಾನವಾಗಿ ಹೇಳಿದಳು:

"ನಿಮ್ಮ ಮೋಡೆಮ್ ಒಂದು ಸಲ ಆರಿಸಿ ಹಚ್ಚಿ ನೋಡಿ."

ಅವನ ಮನೆಯಲ್ಲಿ ಮೋಡೆಮೇ ಇರಲಿಲ್ಲ. ನನ್ನ ಕೈಯಲ್ಲಿದ್ದ ಗಂಟೆ ಬರೆದ ಹಾಳೆ ನೋಡಿದ, ಮೆಟ್ಟಿಲು ಹತ್ತಿದ. ಸಾಹೇಬರಿಗೆ ಏನು ಹೇಳಿದನೋ, ನಾವು ಕೇಳಲಿಲ್ಲ. ನನಗೆ ಇಂದಿಗೂ ಅಯ್ಯೋ ಅನ್ನಿಸಿಲ್ಲ.

ಸೋಮವಾರ ಅವಳ ಫೈಲು ಐದೂ ಹತ್ತಕ್ಕೆ ಹೋಯಿತು. ಹಾಳೆಯಲ್ಲಿ ಅದನ್ನೂ ಬರೆದೆ. ಆ ವಾರದ ಕೋಡುಬಳೆ ಡಬ್ಬಿ ನನ್ನ ಜೊತೆ ಊರಿಗೆ ಬಂತು.