ಚೀಟಿ ಬಾರದ ಎಂಟು ಹಾಡು

ಮಹಾನಂದ ಬಳೇಪೇಟೆಯ ತನ್ನ ಅಂಗಡಿಯಲ್ಲಿ ಕೂತಿದ್ದಾಗ ಯಾವತ್ತೂ ಹಾಡುತ್ತಿರಲಿಲ್ಲ. ಅಲ್ಲಿ ಅವನ ಕಿವಿಗೆ ಮಾತ್ರ ಕೆಲಸ. ಒಂದು ಡಜನ್ ಗಾಜಿನ ಬಳೆಯನ್ನು ಬೆರಳಿಗೆ ಸಿಕ್ಕಿಸಿ ಒಮ್ಮೆ ಅಲುಗಿಸಿ, "ಇದ್ರಲ್ಲಿ ಒಂದು ಬಿರುಕು ಬಿಟ್ಟಿದೆ, ಬೇರೆ ಕೊಡ್ತೀನಿ ತಾಯಿ" ಎನ್ನುತ್ತಿದ್ದ. ಬಳೆಯ ಕಡೆ ನೋಡುತ್ತಲೂ ಇರಲಿಲ್ಲ. ನಂಬದ ಗಿರಾಕಿಗಳು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದರೆ, ಏಳನೆಯದರಲ್ಲೋ ಎಂಟನೆಯದರಲ್ಲೋ ಕೂದಲೆಳೆಯಷ್ಟು ಗೀಟು ಇದ್ದೇ ಇರುತ್ತಿತ್ತು.

ಹಾಡು ಏನಿದ್ದರೂ ಅಂಗಡಿ ಮುಚ್ಚಿದ ಮೇಲೆ. ನಾವೆಲ್ಲ ನಂದ ಎಂದೇ ಕರೆಯುತ್ತಿದ್ದ ಅವನು 'ಏಳನೇ ಕ್ರಾಸ್' ಎಂಬ ನಮ್ಮ ಹಾಡಿನ ಗುಂಪಿನ ಗಾಯಕ. ಹಾಡು ಕಟ್ಟುತ್ತಿದ್ದವನೂ ಅವನೇ. ಗಿಟಾರಿಗೆ ಬ್ಯಾಂಕಿನಲ್ಲಿದ್ದ ಬದರೀನಾರಾಯಣ, ಡ್ರಮ್ಮಿಗೆ ಶ್ರೀರಾಂಪುರದ ಮರಿಯಣ್ಣ. ಹಾಡಲೂ ನುಡಿಸಲೂ ಬಾರದ ನನಗೆ ಮೈಕ್ ಹಿಡಿದು ಮಾತಾಡುವ ಕೆಲಸ. ಬದರಿಯ ಮನೆ ಮಲ್ಲೇಶ್ವರಂ ಏಳನೇ ಕ್ರಾಸಿನಲ್ಲಿತ್ತು. ಅವರ ಕಾರ್ ಶೆಡ್ಡಿನಲ್ಲಿ ಕಾರಿರಲಿಲ್ಲ, ಹಾಗಾಗಿ ನಾವಿದ್ದೆವು.

ನಂದ ಹೋಗಿ ಇವತ್ತಿಗೆ ಐದು ವಾರ. ಅವನ ಬಗ್ಗೆ ಬರೆಯಲು ಕೂತರೆ ನಗು ಬರಿಸುವ ಸಂಗತಿಗಳೇ ಮೊದಲು ಬರುತ್ತವೆ. ತಡೆಯಲು ನೋಡಿದೆ, ಆಗಲಿಲ್ಲ. ಅವು ಬಂದ ಹಾಗೇ ಬರಲಿ.

ನಮ್ಮ ಗುಂಪಿಗೆ ಒಂದು ಕಟ್ಟಳೆ ಇತ್ತು. ಅದು ಹುಟ್ಟಿದ್ದು ಎಂಬತ್ತನಾಲ್ಕರ ಗಣೇಶನ ಹಬ್ಬದಲ್ಲಿ. ಆಗ ಪೆಂಡಾಲುಗಳಲ್ಲಿ ಜನ ತಮಗೆ ಬೇಕಾದ ಹಾಡನ್ನು ಒಂದು ಚೀಟಿಯಲ್ಲಿ ಬರೆದು ವೇದಿಕೆಗೆ ಕಳಿಸುತ್ತಿದ್ದರು. ಹೆಚ್ಚಾಗಿ ಸಿನಿಮಾ ಹಾಡುಗಳೇ. ಅವತ್ತು ನಂದ ಹುರುಪಿನಲ್ಲಿ ಚೀಟಿಗಳನ್ನೆಲ್ಲ ಪಕ್ಕಕ್ಕಿಟ್ಟು ತಾನೇ ಕಟ್ಟಿದ ಮೂರು ಹಾಡುಗಳನ್ನು ಒಂದರ ಹಿಂದೊಂದು ಹಾಡಿದ. ಮೂರನೆಯದು ಮುಗಿಯುವ ಹೊತ್ತಿಗೆ ಜನ ಮನೆಯಿಂದ ತಂದಿದ್ದ ಕುರ್ಚಿಗಳನ್ನು ಮಡಚಿಕೊಂಡು ಹೊರಟಿದ್ದರು. ಪೆಂಡಾಲಿನ ಹಿರಿಯರಾದ ಅಪ್ಪಯ್ಯನವರು ವೇದಿಕೆಯ ಹಿಂದೆ ಬಂದು, "ಮೈಕ್ ನಿಮ್ಮ ಕೈಲಿದೆ ನಿಜ. ಆದ್ರೆ ಕುರ್ಚಿ ಅವರ ಕೈಲಿದೆಯಲ್ಲಪ್ಪಾ" ಎಂದು ಕೋಸಂಬರಿ ಕೊಟ್ಟು ಹೋದರು.

ನಂದ ಆ ಕೋಸಂಬರಿ ತಿನ್ನುತ್ತಲೇ ಹೇಳಿದ: "ಇನ್ಮೇಲೆ ನಮ್ಮ ಹಾಡನ್ನ ಯಾರಾದ್ರೂ ಚೀಟಿ ಕಳಿಸಿದ್ರೆ ಮಾತ್ರ ಹಾಡೋದು. ಅದೂ ಗುರುತಿಲ್ಲದೋರು. ಮನೆಯೋರು, ನೆಂಟರು ಲೆಕ್ಕಕ್ಕಿಲ್ಲ."

ಮೂರು ವರ್ಷದ ಮೇಲೆ ನಮ್ಮ ಕ್ಯಾಸೆಟ್ ಬಂತು. ಅದರಲ್ಲಿನ 'ಸಂಪಿಗೆ ರೋಡಲಿ ಸಂಜೆ ಆರಕ್ಕೆ' ಎಂಬ ಹಾಡು ಹೇಗೋ ಹತ್ತಿಕೊಂಡುಬಿಟ್ಟಿತು. ಕ್ಯಾಸೆಟ್ ಅಂಗಡಿಗಳು ಹೊರಗೆ ಸ್ಪೀಕರ್ ಇಟ್ಟು ಅದನ್ನೇ ಹಾಕುತ್ತಿದ್ದವು. ಖಾಸಗಿ ಬಸ್ಸುಗಳಲ್ಲೂ ಅದೇ. ಆಮೇಲೆ ಚೀಟಿಗೆ ಬರವಿರಲಿಲ್ಲ. ಜನ 'ಸಂಜೆ ಆರು' ಎಂದಷ್ಟೇ ಬರೆದು ಕಳಿಸುತ್ತಿದ್ದರು. ಹತ್ತು ವರ್ಷ ಹಾಗೆ ನಡೆಯಿತು.

ಆಮೇಲೆ ಕಾಲ ಹೊರಳಿಕೊಂಡಿತು. ಒಂದು ಕೀಬೋರ್ಡು ಮರಿಯಣ್ಣನ ಡ್ರಮ್ಮು, ಬದರಿಯ ಗಿಟಾರು ಎರಡನ್ನೂ ನುಂಗಿತು. ಪೆಂಡಾಲಿಗೆ ಡಿಜೆ ಬಂದ. ಕ್ಯಾಸೆಟ್ ಅಂಗಡಿಗಳು ಮೊಬೈಲ್ ರಿಪೇರಿ ಅಂಗಡಿಗಳಾದವು. ನಮ್ಮನ್ನು ಯಾರೂ ಬೇಡ ಅನ್ನಲಿಲ್ಲ, ಕರೆಯುವುದನ್ನು ಬಿಟ್ಟರು ಅಷ್ಟೆ. ಎರಡು ಸಾವಿರದ ಮೂರರಲ್ಲಿ ನಾವೂ ನಿಲ್ಲಿಸಿದೆವು.

ಎರಡು ಸಾವಿರದ ಹತ್ತೊಂಬತ್ತರ ಒಂದು ಭಾನುವಾರ ನಂದ ಮೂವರನ್ನೂ ಮನೆಗೆ ಕರೆದ. ಅವನ ಹೆಂಡತಿ ಕೋಕಿಲಾ ಅಕ್ಕಿ ರೊಟ್ಟಿ ಹಾಕುತ್ತಿದ್ದಳು. ನಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟ.

"ಎಂಟು ಹಾಡಿವೆ" ಅಂದ.

"ಯಾವ ಕಾಲದ್ದೋ?" ಬದರಿ ಕೇಳಿದ.

"ಈಗಿನದೇ. ಅರವತ್ತಾಗ್ತಾ ಬಂತಲ್ಲ, ಪ್ರೇಮದ ಹಾಡು ಬರೆದ್ರೆ ಇವಳು ಯಾರ ಮೇಲೆ ಅಂತ ಕೇಳ್ತಾಳೆ. ಅದಕ್ಕೆ ಮಂಡಿನೋವು, ಕನ್ನಡಕ, ಇಂಥದ್ದರ ಮೇಲೆ ಬರೆದಿದೀನಿ."

"ಕೇಳ್ತೀನಿ ಅಂತ ಯಾರು ಹೇಳಿದ್ದು? ಬರೀರಿ ನೋಡೋಣ" ಎಂದು ಕೋಕಿಲಾ ಒಲೆಯ ಬಳಿಯಿಂದಲೇ ಅಂದಳು.

ಹಾಡುಗಳು ಚೆನ್ನಾಗಿದ್ದವು. ಸ್ನೇಹಿತನೆಂದು ಹೇಳುತ್ತಿಲ್ಲ. ಮೂರನೆಯದರ ಹೆಸರು 'ಸ್ಟೂಲಿನ ಮೇಲೆ ಗಂಡಂದಿರು'. ಹೆಂಡತಿ ಬಳೆ ಆರಿಸುವಷ್ಟು ಹೊತ್ತೂ ಅಂಗಡಿಯ ಹೊರಗೆ ಕಾಯುವ ಗಂಡಸರನ್ನು ನಂದ ನಲವತ್ತು ವರ್ಷದಿಂದ ನೋಡಿದ್ದ. 'ಐದೇ ನಿಮಿಷ ಎಂದು ಒಳಗೆ ಹೋದಳು, ನನ್ನ ನೆರಳು ರಸ್ತೆ ದಾಟಿತು' ಎಂದು ಆ ಹಾಡು ಶುರುವಾಗುತ್ತದೆ. ಆಲ್ಬಮ್ಮಿಗೆ 'ಅರವತ್ತರ ಆಸುಪಾಸು' ಎಂದು ಹೆಸರಿಟ್ಟೆವು.

ರೆಕಾರ್ಡಿಂಗ್ ಮಾಡಿಕೊಟ್ಟವನು ಸ್ವರೂಪ್ ಎಂಬ ಸ್ಟುಡಿಯೋದವನು. ಒಳ್ಳೆಯ ಮನುಷ್ಯ. "ಅಂಕಲ್, ಪಲ್ಲವಿ ಬರೋಕೆ ಮುಂಚೆ ನಲವತ್ತು ಸೆಕೆಂಡ್ ಮ್ಯೂಸಿಕ್ಕಿದೆ. ಈಗಿನೋರು ಐದು ಸೆಕೆಂಡಿಗೆ ಬೆರಳಲ್ಲಿ ತಳ್ಳಿ ಮುಂದಕ್ಕೆ ಹೋಗ್ತಾರೆ. ಕಮ್ಮಿ ಮಾಡಿ, ಸ್ವಲ್ಪ ಬೀಟ್ ಜಾಸ್ತಿ ಹಾಕ್ತೀನಿ" ಅಂದ.

"ನಮ್ಮ ಹಾಡು ಕೇಳೋರಿಗೆ ಬೆರಳಲ್ಲಿ ವಾಯು ಇದೆ, ತಳ್ಳೋಕಾಗಲ್ಲ. ಹಾಗೇ ಇರ್ಲಿ ಬಿಡಪ್ಪಾ" ಅಂದ ನಂದ.

ಆಲ್ಬಮ್ಮು ಇಂಟರ್‌ನೆಟ್ಟಿಗೆ ಹೋಯಿತು. ಆರು ತಿಂಗಳಲ್ಲಿ ನೂರಾ ಹನ್ನೆರಡು ಸಲ ಯಾರೋ ಕೇಳಿದ್ದಾರೆ ಎಂದು ತೋರಿಸಿತು. ನಂದ ಅದನ್ನೇ ದೊಡ್ಡದೆಂದುಕೊಂಡು ಎಲ್ಲರಿಗೂ ಹೇಳಿದ. ಅದರಲ್ಲಿ ಎಂಬತ್ತು ತನ್ನದೇ ಎಂದು ಮರಿಯಣ್ಣ ತಡೆಯಲಾರದೆ ಬಾಯಿಬಿಟ್ಟ. ಅಡುಗೆ ಮಾಡುವಾಗ ಫೋನಿನಲ್ಲಿ ಹಾಕಿಟ್ಟು ಮರೆತುಬಿಡುತ್ತಿದ್ದನಂತೆ. ಪತ್ರಿಕೆಗಳಲ್ಲಿ ಒಂದು ಸಾಲು ಬರಲಿಲ್ಲ. ಅಷ್ಟರಲ್ಲಿ ಕೊರೋನಾ ಬಂತು.

ನಂದನಿಗೆ ಹೆಸರಿನ ಆಸೆ ಆಗಲೇ ಹೋಗಿತ್ತು. ಒಂದು ಆಸೆ ಮಾತ್ರ ಉಳಿದಿತ್ತು: ಆ ಎಂಟರಲ್ಲಿ ಯಾವುದಾದರೂ ಒಂದು ಹಾಡಿಗೆ, ಗುರುತೇ ಇಲ್ಲದವರೊಬ್ಬರಿಂದ, ಒಂದು ಚೀಟಿ. ಕೊರೋನಾ ಕಳೆದು, ಹಳೆಯ ಗುಂಪು ಎಂಬ ಮಮತೆಯಿಂದ ನಮ್ಮನ್ನು ಅಲ್ಲೊಂದು ಇಲ್ಲೊಂದು ಕಾರ್ಯಕ್ರಮಕ್ಕೆ ಕರೆಯತೊಡಗಿದ್ದರು. ಬಂದವರೆಲ್ಲ ಬರೆಯುತ್ತಿದ್ದದ್ದು 'ಸಂಜೆ ಆರು'.

"ಗುರು, ಗೊತ್ತೇ ಇಲ್ಲದ ಹಾಡಿಗೆ ಯಾರು ಚೀಟಿ ಬರೀತಾರೆ? ಆಗ ಬಸ್ಸಲ್ಲಿ ಕೇಳಿಸ್ಕೊಂಡಿರೋರು. ಈಗ ಬಸ್ಸಲ್ಲಿ ಎಲ್ಲರ ಕಿವೀಲೂ ಬಿರಡೆ. ಒಂದ್ಸಲ ಕಟ್ಟಳೆ ಮುರಿ, ಹಾಡಿ ತೋರಿಸು" ಎಂದು ಬದರಿ ಬುದ್ಧಿ ಹೇಳಿದ.

"ಒಂದು ಬೋರ್ಡ್ ಇಡೋಣ" ಅಂದ ನಂದ. ಸರಿ, ಕಪ್ಪು ಹಲಗೆಯ ಮೇಲೆ ಎಂಟು ಹಾಡಿನ ಹೆಸರು, ನಂಬರ್ ಸಮೇತ ಬರೆದು ವೇದಿಕೆಯ ಮುಂದೆ ಇಟ್ಟೆವು. ಜನ ಅದನ್ನು ಊಟದ ಮೆನು ಎಂದುಕೊಂಡು ಹತ್ತಿರ ಬಂದು ಓದಿ ಹಿಂದಕ್ಕೆ ಹೋಗುತ್ತಿದ್ದರು.

ತಪ್ಪು ಮಾಡಿದ್ದು ಇಪ್ಪತ್ತೆರಡರ ಗಣೇಶನ ಹಬ್ಬದಲ್ಲಿ, ನಾನು ಮತ್ತು ಮರಿಯಣ್ಣ. ಚೀಟಿಗಳು ಮೊದಲು ನನ್ನ ಕೈಗೇ ಬರುತ್ತಿದ್ದವು. ಅವುಗಳ ನಡುವೆ ಒಂದನ್ನು ಸೇರಿಸುವುದು ಏನು ದೊಡ್ಡದು? ನನ್ನ ಅಕ್ಷರ ನಂದನಿಗೆ ಗೊತ್ತು, ಆದ್ದರಿಂದ ಮರಿಯಣ್ಣ ಎಡಗೈಯಲ್ಲಿ ಬರೆದ: 'ಐದನೇ ಹಾಡು ಹಾಡಿ. ಇಂತಿ, ಸರಸ್ವತಮ್ಮ, ಶ್ರೀರಾಂಪುರ.'

ಚೀಟಿ ಓದುತ್ತಿದ್ದ ಹಾಗೆ ನಂದನ ಮುಖ ನೋಡಬೇಕಿತ್ತು. ಮೈಕನ್ನು ನನ್ನ ಕೈಯಿಂದ ಕಿತ್ತುಕೊಂಡ. "ಸರಸ್ವತಮ್ಮನವರು ಎಲ್ಲಿದೀರಾ ತಾಯಿ? ಒಂದ್ಸಲ ಕೈ ಎತ್ತಿ, ನೋಡ್ಬೇಕು ನಿಮ್ಮನ್ನ."

ಇದನ್ನು ನಾವು ಯೋಚಿಸಿರಲಿಲ್ಲ. ನಾಲ್ಕನೇ ಸಾಲಿನಲ್ಲಿ ಒಬ್ಬರು ಅಜ್ಜಿ ಎದ್ದು ನಿಂತರು.

"ಸರಸ್ವತಮ್ಮ ನಾನೇ. ಶ್ರೀರಾಂಪುರವೂ ಹೌದು. ಆದ್ರೆ ನಾನೇನೂ ಬರೆದಿಲ್ಲಪ್ಪಾ, ನನಗೆ ಬರೆಯೋಕೆ ಬರಲ್ಲ." ಸುತ್ತ ಜನ ನಗಲು ಶುರುಮಾಡಿದರು. ಅಜ್ಜಿ ಕೂರಲಿಲ್ಲ. "ಹೆಂಗೂ ಕೇಳಿದೀಯ, ಆ ಸಂಜೆ ಆರು ಹಾಡ್ಬಿಡು."

ನಂದ ಎಲ್ಲರ ಜೊತೆ ನಕ್ಕ. ಸಂಜೆ ಆರು ಹಾಡಿದ, ಚೆನ್ನಾಗಿಯೇ ಹಾಡಿದ. ವೇದಿಕೆಯ ಹಿಂದೆ ಬಂದ ಮೇಲೆ ಚೀಟಿಯನ್ನು ಮರಿಯಣ್ಣನ ಜೇಬಿಗೆ ತುರುಕಿ, "ಮಗಾ, ಡ್ರಮ್ಮೂ ಎಡಗೈ, ಮೋಸವೂ ಎಡಗೈ. ಎರಡೂ ತಾಳ ತಪ್ಪುತ್ತೆ" ಅಂದ. ತಮಾಷೆಯಾಗಿಯೇ ಅಂದ. ಆದರೆ ಆಮೇಲೆ ಹತ್ತು ದಿನ ನಮ್ಮಿಬ್ಬರ ಫೋನ್ ಎತ್ತಲಿಲ್ಲ. ಅವನನ್ನು ಬಲ್ಲವರಿಗೆ ಅದು ಎಷ್ಟು ದೊಡ್ಡ ಮುನಿಸು ಎಂದು ಗೊತ್ತು.

ಕಳೆದ ನವೆಂಬರಿನಲ್ಲಿ ಚಾಮರಾಜಪೇಟೆಯ ನಿವೃತ್ತರ ಸಂಘವೊಂದು ರಾಜ್ಯೋತ್ಸವಕ್ಕೆ ಕರೆಯಿತು. ಮಧ್ಯಾಹ್ನ ನಾಲ್ಕಕ್ಕೆ ಶುರು. ಆಗಲೇ ನಂದನಿಗೆ ಉಸಿರು ಸಾಲುತ್ತಿರಲಿಲ್ಲ, ಡಾಕ್ಟರು ಬೇಡ ಅಂದಿದ್ದರು. ಕೋಕಿಲಾ ಇನ್‌ಹೇಲರ್ ಹಿಡಿದು ಮುಂದಿನ ಸಾಲಿನಲ್ಲೇ ಕೂತಿದ್ದಳು. ಅವತ್ತು ಯಾಕೋ 'ಸಂಜೆ ಆರು' ಹಾಡಿಗೆ ಚೀಟಿಯ ಮೇಲೆ ಚೀಟಿ. ಎರಡು ಸಲ ಹಾಡಿ ಮುಗಿಸಿದ್ದ. ಆಗ ಇನ್ನೊಂದು ಬಂತು. ಯಾವುದೋ ಅಂಗಡಿ ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಒತ್ತಿ ಬರೆದದ್ದು: 'ಸಂಜೆ ಆರು ಸಾಕು. ಬೋರ್ಡಿನಲ್ಲಿರುವುದು ಯಾವುದಾದರೂ ಒಂದು ಹಾಡಿ.' ಹೆಸರಿಲ್ಲ.

ನಾನು ಅದನ್ನು ನಂದನ ಕೈಗೆ ಕೊಟ್ಟೆ. ಅವನು ಓದಿ, ತಿರುಗಿ ಮರಿಯಣ್ಣನನ್ನು ನೋಡಿದ.

"ತಾಯಾಣೆ ನಾನಲ್ಲ ಗುರು!" ಮರಿಯಣ್ಣ ಕಡ್ಡಿಗಳನ್ನು ಕೆಳಗಿಟ್ಟು ಎರಡೂ ಕೈ ಎತ್ತಿದ.

"ಶೀನಾ?" ಎಂದು ನನ್ನ ಕಡೆ ತಿರುಗಿದ.

"ನಾನೂ ಅಲ್ಲ ಕಣೋ."

ನಂದ ಬದರಿಯ ಕಡೆ ನೋಡಿದ. "ನನ್ನ ಯಾಕೆ ನೋಡ್ತೀಯ? ನಾನು ಬರೆದಿದ್ರೆ ಹಾಡಿನ ಹೆಸರು ಸರಿಯಾಗಿ ಬರೀತಿದ್ದೆ" ಅಂದ ಬದರಿ.

ನಂದ ನಂಬಲಿಲ್ಲ. ಚೀಟಿಯನ್ನು ಮಡಚಿ ಜೇಬಿಗೆ ಹಾಕಿ ಮುಂದಿನದಕ್ಕೆ ಕೈ ಚಾಚಿದ. ಐದು ವರ್ಷ ಕಾದ ಚೀಟಿ ಕೊನೆಗೂ ಬಂದಿದೆ, ನಾವು ಒಮ್ಮೆ ಸುಳ್ಳು ಬರೆದೆವೆಂದು ಈಗ ಇದೂ ಸುಳ್ಳಾಗುತ್ತಿದೆ. ನಾನು ಮೈಕ್ ಎಳೆದುಕೊಂಡು, "ಹೆಸರು ಬರೆಯದೆ ಚೀಟಿ ಕಳಿಸಿದವರು ದಯವಿಟ್ಟು ಎದ್ದು ನಿಲ್ಲಬೇಕು" ಅಂದೆ.

ಯಾರೂ ಏಳಲಿಲ್ಲ. ಇನ್ನೊಮ್ಮೆ ಕೇಳಿದೆ. ಕಿಟಕಿಯ ಪಕ್ಕದಿಂದ ಒಬ್ಬ ತೆಳ್ಳನೆಯ ಮನುಷ್ಯ, ಮಫ್ಲರ್ ಸುತ್ತಿದ್ದವರು, ಸಿಡುಕುತ್ತಾ ಎದ್ದರು.

"ಏನ್ರೀ ಇದು, ಹಾಡು ಕೇಳೋಕೆ ಬಂದಿದೀವೋ ಹಾಜರಿ ಹಾಕೋಕೋ? ನಾನೇ ಬರೆದಿದ್ದು. ತಪ್ಪಾಯ್ತೇನು?"

"ತಪ್ಪಿಲ್ಲ ಸಾರ್." ನಂದ ಜೇಬಿನಿಂದ ಆ ಚೀಟಿಯನ್ನು ಮತ್ತೆ ತೆಗೆದ. "ನೀವು... ಇವರ್ಯಾರಾದ್ರೂ ನಿಮಗೆ ಪರಿಚಯವಾ?"

"ಇವರಾ? ನನ್ನ ಹೆಂಡತಿ ಬಲವಂತಕ್ಕೆ ಬಂದೆ ಕಣ್ರೀ. ಒಂದೇ ಹಾಡು ಎರಡು ಸಲ ಆಯ್ತು, ಬೋರಾಯ್ತು. ಅಲ್ಲಿ ಎಂಟು ಹೆಸರು ಬರೆದಿದೀರ, ಒಂದನ್ನೂ ಹಾಡಲ್ಲ. ಸುಮ್ನೆ ಯಾಕೆ ಬರೆದಿರೋದು?"

ಸಭೆ ಗೊಳ್ಳೆಂದಿತು. ಮುಂದಿನ ಸಾಲಿನಲ್ಲಿ ಕೋಕಿಲಾ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಯಾವ ನಂಬರ್ ಹಾಡ್ಲಿ ಸಾರ್?"

"ಯಾವ್ದೋ ಒಂದು. ಮೂರು."

ನಂದ ಮೂರನೆಯದನ್ನು ಹಾಡಿದ. ನಲವತ್ತು ಸೆಕೆಂಡಿನ ಮ್ಯೂಸಿಕ್ಕನ್ನು ಬದರಿ ಒಂದು ಸ್ವರವೂ ಬಿಡದೆ ನುಡಿಸಿದ. ಎರಡನೇ ಚರಣದಲ್ಲಿ ಉಸಿರು ಸಾಲದೆ ನಂದ ಒಂದು ಸಾಲು ಬಿಟ್ಟ, ಮರಿಯಣ್ಣ ಆ ಸಾಲಿನುದ್ದಕ್ಕೂ ಡ್ರಮ್ಮು ತುಂಬಿಸಿದ. ಸ್ಟೂಲಿನ ಮೇಲೆ ಕೂತ ಗಂಡನ ನೆರಳು ರಸ್ತೆ ದಾಟುವ ಸಾಲು ಪ್ರತಿ ಸಲ ಬಂದಾಗಲೂ ಗಂಡಸರ ಕಡೆಯಿಂದ ನಗು ಎದ್ದಿತು. ಹೆಂಗಸರು ನಗಲಿಲ್ಲ, ಗಂಡಂದಿರನ್ನು ನೋಡಿದರು.

ಹಾಡು ಮುಗಿದು ಚಪ್ಪಾಳೆ ನಿಲ್ಲುವ ಮೊದಲೇ ಮಫ್ಲರಿನವರ ಇನ್ನೊಂದು ಚೀಟಿ ಬಂತು: 'ಪರವಾಗಿಲ್ಲ. ಇನ್ನೊಂದು ಹಾಡಿ. ಏಳು.' ಏಳು ಎಂದರೆ ಕನ್ನಡಕದ ಹಾಡು. ಅದನ್ನೂ ಹಾಡಿದ. ಅಷ್ಟರಲ್ಲಿ ಸಂಘದವರು ಬೋಂಡಾ ಬಿಸಿ ಆರುತ್ತಿದೆ ಎಂದು ಕಾರ್ಯಕ್ರಮ ಮುಗಿಸಿದರು. ಮಫ್ಲರಿನವರ ಹೆಸರು ಕೇಳಬೇಕೆಂದು ಹುಡುಕಿದೆವು. ಬೋಂಡಾ ಕಟ್ಟಿಸಿಕೊಂಡು ಹೋಗಿಬಿಟ್ಟಿದ್ದರು.

ಆಸ್ಪತ್ರೆಯ ದಿನಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೂ ಅದರಲ್ಲಿ ನಂದ ಕಡಿಮೆ, ಯಂತ್ರಗಳೇ ಹೆಚ್ಚು. ಅವನು ಪೂರ್ತಿಯಾಗಿ ಅವನೇ ಆಗಿದ್ದದ್ದನ್ನು ನಾನು ಕೊನೆಯ ಸಲ ಕಂಡದ್ದು ಅವತ್ತು ಸಂಜೆ, ವಾಪಸ್ ಬರುವ ಮೆಟ್ರೋದಲ್ಲಿ. ಡ್ರಮ್ಮನ್ನು ಟೆಂಪೋದಲ್ಲಿ ಕಳಿಸಿ, ಮಾರ್ಕೆಟ್ ಸ್ಟೇಷನ್ನಿನಲ್ಲಿ ಐವರೂ ಹತ್ತಿದೆವು. ಯಾರೋ ಎದ್ದು ನಂದನಿಗೆ ಸೀಟು ಕೊಟ್ಟರು. ಅವನು ಎರಡನೇ ಚೀಟಿಯನ್ನು ತೊಡೆಯ ಮೇಲೆ ಹರಡಿಕೊಂಡಿದ್ದ.

"ಪರವಾಗಿಲ್ಲ ಅಂತ ಬರೆದಿದಾರೆ ಕಣೋ."

"ಹತ್ತು ಸಲ ಓದಿದೀಯ. ಅಷ್ಟೇನೂ ದೊಡ್ಡ ಮಾತಲ್ಲ ಅದು" ಅಂದ ಬದರಿ.

"ಆ ಮುಖ ನೋಡಿದ್ಯೇನೋ? ಆ ಮನುಷ್ಯ ಮದುವೆ ಊಟಕ್ಕೂ ಪರವಾಗಿಲ್ಲ ಅನ್ನಲ್ಲ."

"ಸರಿ, ಎರಡು ಆಯ್ತು, ಇನ್ನು ಆರು. ಇದೇ ರೇಟಲ್ಲಿ ಹೋದ್ರೆ ಎಂಟೂ ಮುಗಿಯೋಕೆ ಇಪ್ಪತ್ತು ವರ್ಷ ಬೇಕು."

"ಆಗ್ಲಿ ಬಿಡು, ನನಗೇನು ಅವಸರ?" ಎಂದ ನಂದ, ಮರಿಯಣ್ಣನ ಕಡೆ ವಾಲಿ ದನಿ ತಗ್ಗಿಸಿದ. "ಸತ್ಯ ಹೇಳೋ, ಅವರು ನಿಮ್ಮ ಕಡೆಯೋರಲ್ಲ ತಾನೇ?"

"ನಮ್ಮ ಕಡೆಯೋರು ಇಷ್ಟು ಸಿಡುಕಲ್ಲ ಗುರು!"

ಅಲ್ಲಿಂದ ಶುರುವಾದ ನಗು ನಿಲ್ಲಲೇ ಇಲ್ಲ. ಕೋಕಿಲಾ ಇನ್‌ಹೇಲರ್ ಹಿಡಿದು ಎದುರು ನಿಂತು, "ನಕ್ಕಿದ್ದು ಸಾಕು, ಎಳೀರಿ ಇದನ್ನ" ಎಂದು ಗದರುತ್ತಿದ್ದಳು, ಅವಳೂ ನಗುತ್ತಿದ್ದಳು. ಬಾಗಿಲು ತೆರೆದಾಗ ಇಳಿದೆವು. ನೋಡಿದರೆ ಅದು ನಾವು ಇಳಿಯಬೇಕಾಗಿದ್ದ ಸಂಪಿಗೆ ರೋಡ್ ಅಲ್ಲ, ಅದನ್ನು ದಾಟಿ ಶ್ರೀರಾಂಪುರಕ್ಕೆ ಬಂದಿದ್ದೆವು.

"ನೀವಾಗೇ ನಮ್ಮೂರಿಗೆ ಬಂದಿದೀರ. ಸೊಪ್ಪಿನ ಸಾರು, ಮುದ್ದೆ ಇದೆ, ಉಂಡ್ಕೊಂಡೇ ಹೋಗ್ಬೇಕು" ಎಂದು ಮರಿಯಣ್ಣ ನಂದನ ಕೈ ಹಿಡಿದ.

ನಂದ ಎಸ್ಕಲೇಟರಿನ ಮೇಲೆ ನಿಂತು, "ನಿಮ್ಮ ಮನೆಯೋರಿಗೂ ಈ ಚೀಟಿ ಓದಿ ಹೇಳ್ಬೇಕು ನಡಿ" ಅಂದ.